ಮೂವತ್ತೈದು ಡಾಲರಿನ ಕೊಳವೆ

ಪೂರ್ವ ಉಗಾಂಡದ ಎಂಬಾಲೆ ಪಟ್ಟಣದ ಮಕ್ಕಳ ಆಸ್ಪತ್ರೆಯಿಂದ 2005ರಲ್ಲಿ ಒಂದು ಸಂಶೋಧನಾ ಲೇಖನ ಹೊರಬಂತು. ತಲೆಯಲ್ಲಿ ನೀರು ತುಂಬಿಕೊಂಡ 195 ಮಕ್ಕಳಿಗೆ ಎರಡು ಬಗೆಯ ಷಂಟ್ ಅಳವಡಿಸಿ, ಒಂದು ವರ್ಷ ಅವರ ಆರೋಗ್ಯವನ್ನು ಗಮನಿಸಿ ಬರೆದ ವರದಿ ಅದು. ಷಂಟ್ ಎಂದರೆ ಮಿದುಳಿನ ಹೆಚ್ಚುವರಿ ದ್ರವವನ್ನು ಚರ್ಮದ ಕೆಳಗಿಂದ ಹಾಯಿಸಿ ಹೊಟ್ಟೆಗೆ ಇಳಿಸುವ ಸಣ್ಣ ಕೊಳವೆ. ಎರಡರಲ್ಲಿ ಒಂದು ಅಮೆರಿಕದ ಹೆಸರಾಂತ ಕಂಪನಿಯದು, ಬೆಲೆ 650 ಡಾಲರ್. ಇನ್ನೊಂದು ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾದದ್ದು, ಬೆಲೆ 35 ಡಾಲರ್. ವರ್ಷ ಕಳೆದ ಮೇಲೆ ಲೆಕ್ಕ ಹಾಕಿ ನೋಡಿದರೆ ಎರಡೂ ಗುಂಪಿನ ಮಕ್ಕಳ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಲೇಖನ ಬರೆದವರು ಅಮೆರಿಕದ ಮಕ್ಕಳ ನರಶಸ್ತ್ರವೈದ್ಯ ಬೆಂಜಮಿನ್ ವಾರ್ಫ್. ಏಳು ವರ್ಷಗಳ ನಂತರ, 2012ರಲ್ಲಿ, ಅವರಿಗೆ ಐದು ಲಕ್ಷ ಡಾಲರಿನ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಬಡ ದೇಶಗಳ ಮಕ್ಕಳ ತಲೆಯಲ್ಲಿ ನೀರು ತುಂಬುವ ಕಾಯಿಲೆಯಾದ ಹೈಡ್ರೋಸೆಫಾಲಸ್‌ಗೆ ಹೊಸ ಚಿಕಿತ್ಸೆಯ ದಾರಿ ತೋರಿಸಿದ್ದಕ್ಕೆ ಸಿಕ್ಕ ಮನ್ನಣೆ ಅದು. ಪ್ರಶಸ್ತಿಯ ಸುದ್ದಿಯಲ್ಲಿ ವಾರ್ಫ್ ಅವರ ಹೆಸರಿತ್ತು, ಎಂಬಾಲೆಯ ಹೆಸರಿತ್ತು. ಆದರೆ ಆ ಸುದ್ದಿಯ ಹಿಂದೆ ಶಹಜಹಾನ್‌ಪುರ, ಲಖನೌ, ವೆಲ್ಲೂರು, ಬೆಂಗಳೂರು, ದಾವಣಗೆರೆಗಳ ಕೆಲಸವೂ ಇದೆ. ಮಿದುಳಿನ ನೀರಿನ ಕಥೆಯಲ್ಲಿ ಈ ಊರುಗಳಿಗೆ ಸಲ್ಲಬೇಕಾದ ಜಾಗ ಇನ್ನೂ ಪೂರ್ತಿ ಸಂದಿಲ್ಲ.

ಮೊದಲು ಆ ನೀರಿನ ವಿಚಾರ. ವಯಸ್ಕರ ಮಿದುಳು ಮತ್ತು ಬೆನ್ನುಹುರಿಯ ಸುತ್ತ, ಮಿದುಳಿನೊಳಗಿನ ನಾಲ್ಕು ಕುಹರಗಳಲ್ಲಿ, ಯಾವಾಗಲೂ ಸುಮಾರು 150 ಮಿಲಿಲೀಟರ್ ತಿಳಿಯಾದ ದ್ರವ ಇರುತ್ತದೆ. ದಿನಕ್ಕೆ ತಯಾರಾಗುವುದು ಸುಮಾರು ಅರ್ಧ ಲೀಟರ್. ಎಂದರೆ ಹಗಲು ರಾತ್ರಿ ಸೇರಿ ಅದು ಮೂರು ನಾಲ್ಕು ಸಲ ಹೊಸದಾಗುತ್ತದೆ. ಕುಹರಗಳ ಒಳಗಿರುವ ಕೊರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಗಳ ಗೊಂಚಲು ಇದರ ಹೆಚ್ಚಿನ ಪಾಲನ್ನು ಒಸರುತ್ತದೆ. ಅಲ್ಲಿಂದ ಹೊರಟ ದ್ರವ ಕಿರಿದಾದ ನಾಳವೊಂದನ್ನು ಹಾದು, ನಾಲ್ಕನೇ ಕುಹರದ ರಂಧ್ರಗಳಿಂದ ಹೊರಬಂದು, ಮಿದುಳಿನ ಬುಡದಲ್ಲಿ ಹರಡಿ, ಕೊನೆಗೆ ರಕ್ತಕ್ಕೆ ಸೇರುತ್ತದೆ. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಹಿಂದೆ ನೀರು ನಿಲ್ಲುತ್ತದೆ. ಕೂಸಿನ ತಲೆಬುರುಡೆಯ ಎಲುಬುಗಳು ಇನ್ನೂ ಬೆಸೆದಿರುವುದಿಲ್ಲವಾದ್ದರಿಂದ ತಲೆಯೇ ದೊಡ್ಡದಾಗುತ್ತಾ ಹೋಗುತ್ತದೆ. ನೆತ್ತಿ ಉಬ್ಬುತ್ತದೆ, ಕಣ್ಣುಗುಡ್ಡೆಗಳು ಕೆಳಕ್ಕೆ ಜಾರಿದಂತೆ ಕಾಣುತ್ತವೆ. ದೊಡ್ಡವರ ತಲೆ ಹಿಗ್ಗಲಾರದು. ಅವರಲ್ಲಿ ಒತ್ತಡವೆಲ್ಲ ಮಿದುಳಿನ ಮೇಲೇ ಬೀಳುತ್ತದೆ.

ಈ ಕಾಯಿಲೆಯನ್ನು ಹಿಪಾಕ್ರಟಿಸ್‌ನ ಕಾಲದಿಂದಲೂ ವೈದ್ಯರು ಬಲ್ಲರು. ನೀರು ಇರುವ ಜಾಗ ಮಾತ್ರ ಬಹಳ ಕಾಲ ಸರಿಯಾಗಿ ಗೊತ್ತಿರಲಿಲ್ಲ. ಚರ್ಮಕ್ಕೂ ಎಲುಬಿಗೂ ನಡುವೆ, ಅಥವಾ ಎಲುಬಿಗೂ ಮಿದುಳಿಗೂ ನಡುವೆ ನೀರು ಸೇರುತ್ತದೆ ಎಂದೇ ನಂಬಿದ್ದರು. ಹದಿನಾರನೇ ಶತಮಾನದಲ್ಲಿ ವೆಸಾಲಿಯಸ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಎರಡು ವರ್ಷದ ಹೆಣ್ಣು ಮಗುವಿನ ತಲೆಯನ್ನು ತೆರೆದು ನೋಡಿದಾಗ ನೀರು ಇದ್ದದ್ದು ಮಿದುಳಿನ ಕುಹರಗಳೊಳಗೇ. ಅದು ಒಂಬತ್ತು ಪೌಂಡ್ ತೂಗಿತು ಎಂದು ತಮ್ಮ ಗ್ರಂಥದ 1555ರ ಆವೃತ್ತಿಯಲ್ಲಿ ಅವರು ಬರೆದರು.

ಆದರೆ ಆರೋಗ್ಯವಂತರ ತಲೆಯಲ್ಲೂ ಈ ದ್ರವ ಇರುತ್ತದೆ ಎಂಬುದು ತಿಳಿಯಲು ಇನ್ನೂ ಇನ್ನೂರು ವರ್ಷ ಹಿಡಿಯಿತು. ನೇಪಲ್ಸ್‌ನ ದೊಮೆನಿಕೊ ಕೊತುನ್ಯೊ 1764ರಲ್ಲಿ ಇದಕ್ಕೆ ಕೊಟ್ಟ ಕಾರಣ ಓದಿದರೆ ಈಗಲೂ ಅಚ್ಚರಿಯಾಗುತ್ತದೆ. ಶವ ಕೊಯ್ಯುವ ಮುನ್ನ ತಲೆಯನ್ನು ಕತ್ತರಿಸಿ ಬೇರೆ ಮಾಡುವ ರೂಢಿ ಅಲ್ಲಿ ಇತ್ತು. ಕತ್ತು ಕತ್ತರಿಸಿದ ಕೂಡಲೇ ದ್ರವವೆಲ್ಲ ಸೋರಿ ಹೋಗುತ್ತಿತ್ತು, ನೋಡುವವರಿಗೆ ಖಾಲಿ ಜಾಗ ಮಾತ್ರ ಕಾಣುತ್ತಿತ್ತು. ಕೊತುನ್ಯೊ ಶವಗಳನ್ನು ನೆಟ್ಟಗೆ ನಿಲ್ಲಿಸಿ, ತಲೆಯನ್ನು ಕತ್ತರಿಸದೆ ಪರೀಕ್ಷಿಸಿದರು. ನೀರು ಅಲ್ಲೇ ಇತ್ತು. ಪ್ಯಾರಿಸ್ಸಿನ ಮಜಾಂದಿ ಮುಂದೆ ಆ ದ್ರವ ಹೊರಬರುವ ರಂಧ್ರವನ್ನು ಗುರುತಿಸಿದರು. ಸ್ಟಾಕ್‌ಹೋಮಿನ ಕೀ ಮತ್ತು ರೆಟ್ಜಿಯಸ್ 1875ರಲ್ಲಿ ಬಣ್ಣದ ಜೆಲಾಟಿನ್ ಚುಚ್ಚಿ ಹರಿವಿನ ನಕ್ಷೆ ಬಿಡಿಸಿದರು. ಜರ್ಮನಿಯ ಕ್ವಿಂಕೆ 1891ರಲ್ಲಿ ಸೂಜಿಯಿಂದ ಬೆನ್ನಿನ ನೀರು ತೆಗೆಯುವ ಕ್ರಮವನ್ನು ವಿವರಿಸಿದರು.

ನಿಜವಾದ ತಿರುವು ಬಂದದ್ದು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ. ಇನ್ನೂ ಮೂವತ್ತು ತುಂಬದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಮತ್ತು ಮಕ್ಕಳ ವೈದ್ಯ ಕೆನೆತ್ ಬ್ಲ್ಯಾಕ್‌ಫನ್ 1913 ಮತ್ತು 1914ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ನಾಯಿಗಳ ಮಿದುಳಿನ ಕಿರುನಾಳಕ್ಕೆ ಹತ್ತಿಯ ಚಿಕ್ಕ ಬಿರಡೆ ಹಾಕಿದರೆ ಅದರ ಮೇಲಿನ ಕುಹರಗಳು ಹಿಗ್ಗಿದವು. ಎಂದರೆ ದ್ರವ ಕುಹರದೊಳಗೇ ಹುಟ್ಟುತ್ತದೆ, ಹೊರಬರಲು ದಾರಿ ಬೇಕು. ಆಮೇಲೆ ಕಾಯಿಲೆಯ ಮಕ್ಕಳ ಕುಹರಕ್ಕೆ ಬಣ್ಣವೊಂದನ್ನು ಹಾಕಿ, ಬೆನ್ನಿನಿಂದ ನೀರು ತೆಗೆದು ಬಣ್ಣ ಇಳಿದು ಬಂದಿದೆಯೇ ಎಂದು ನೋಡಿದರು. ಕೆಲವು ಮಕ್ಕಳಲ್ಲಿ ಬಂದಿತ್ತು, ಕೆಲವರಲ್ಲಿ ಇಲ್ಲ. ಒಂದೇ ಹೆಸರಿನ ಕಾಯಿಲೆ ಎರಡು ಬಗೆಯದು ಎಂದು ಹೀಗೆ ತಿಳಿಯಿತು: ಕುಹರದ ಒಳದಾರಿಯೇ ಮುಚ್ಚಿದ್ದು ಒಂದು, ಒಳದಾರಿ ತೆರೆದಿದ್ದರೂ ಹೊರಗೆ ಹೀರಿಕೊಳ್ಳುವ ಕೆಲಸ ಕೆಟ್ಟದ್ದು ಇನ್ನೊಂದು. ಇಂದಿಗೂ ವೈದ್ಯರು ಕೇಳುವ ಮೊದಲ ಪ್ರಶ್ನೆ ಇದೇ, ನೀರು ನಿಂತದ್ದು ಎಲ್ಲಿ?

ಡ್ಯಾಂಡಿ ಉತ್ತರಗಳನ್ನೂ ಹುಡುಕಿದರು. ದ್ರವ ಒಸರುವ ಗೊಂಚಲನ್ನೇ ತೆಗೆದುಹಾಕುವ ಶಸ್ತ್ರಕ್ರಿಯೆ ಮಾಡಿದರು. ಬಹುತೇಕ ಮಕ್ಕಳು ಉಳಿಯಲಿಲ್ಲ. 1922ರಲ್ಲಿ ಮೂರನೇ ಕುಹರದ ಗೋಡೆಗೆ ರಂಧ್ರ ಮಾಡಿ ನೀರಿಗೆ ಬದಲಿ ದಾರಿ ತೆರೆದರು. ಮರುವರ್ಷ ಬಾಸ್ಟನ್ನಿನ ಮಿಕ್ಸ್‌ಟರ್ ಮೂತ್ರನಾಳ ಪರೀಕ್ಷಿಸುವ ದುರ್ಬೀನನ್ನೇ ಮಿದುಳಿನೊಳಗೆ ಇಳಿಸಿ ಅದೇ ಕೆಲಸ ಮಾಡಿದರು. ಆ ಕಾಲದ ಬೆಳಕು ಮತ್ತು ಮಸೂರಗಳು ಇಷ್ಟು ಸೂಕ್ಷ್ಮ ಕೆಲಸಕ್ಕೆ ಸಾಲಲಿಲ್ಲ. ಎರಡೂ ಉಪಾಯಗಳು ಮೂಲೆ ಸೇರಿದವು. ಎಂಬತ್ತು ವರ್ಷಗಳ ನಂತರ ಆಫ್ರಿಕದಲ್ಲಿ ಅವೇ ಮತ್ತೆ ಹೊರಬಂದವು.

ನಡುವಿನ ಕಾಲ ಕೊಳವೆಯದು. ರಬ್ಬರು, ಪಾಲಿಥಿನ್, ಕೈಗೆ ಸಿಕ್ಕ ವಸ್ತುವಿನಲ್ಲೆಲ್ಲ ಕೊಳವೆ ಮಾಡಿ ನೀರನ್ನು ರಕ್ತನಾಳಕ್ಕೋ ಹೃದಯಕ್ಕೋ ಹಾಯಿಸಿ ನೋಡಿದರು. ಕೊಳವೆಯಲ್ಲಿ ರಕ್ತ ಹಿಂದಕ್ಕೆ ಬಂದು ಹೆಪ್ಪುಗಟ್ಟುವುದೇ ದೊಡ್ಡ ತೊಡಕು. ಫಿಲಡೆಲ್ಫಿಯಾದಲ್ಲಿ ಫ್ರಾಂಕ್ ನಲ್ಸನ್ ಮತ್ತು ಯೂಜೀನ್ ಸ್ಪಿಟ್ಸ್ 1949ರಲ್ಲಿ ಒಂದೇ ದಿಕ್ಕಿಗೆ ಹರಿಸುವ ಕವಾಟವಿದ್ದ ಷಂಟನ್ನು ಮಗುವೊಂದಕ್ಕೆ ಅಳವಡಿಸಿದರು. ದಾರಿ ಕಂಡಿತು, ಆದರೆ ದೇಹ ಸಹಿಸುವಂಥ, ವರ್ಷಗಟ್ಟಲೆ ಬಾಳುವಂಥ ಕವಾಟ ಇನ್ನೂ ಸಿಕ್ಕಿರಲಿಲ್ಲ.

ಅದನ್ನು ಮಾಡಿದವರು ಬೀಗ ತಯಾರಿಸುವ ಕಂಪನಿಯೊಂದರ ತಂತ್ರಜ್ಞ. ಜಾನ್ ಹೋಲ್ಟರ್ ಅವರ ಮಗ ಕೇಸಿ 1955ರ ನವೆಂಬರಿನಲ್ಲಿ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ. ತಲೆಯಲ್ಲಿ ನೀರು ತುಂಬತೊಡಗಿತು. ಮಗನ ವೈದ್ಯ ಸ್ಪಿಟ್ಸ್ ಅವರಿಂದ ತೊಡಕೇನೆಂದು ಕೇಳಿ ತಿಳಿದ ಹೋಲ್ಟರ್ ಮನೆಯಲ್ಲೇ ಕವಾಟದ ಮಾದರಿಗಳನ್ನು ಮಾಡಲು ಕೂತರು. ಆಗಷ್ಟೇ ಬಳಕೆಗೆ ಬರುತ್ತಿದ್ದ ಸಿಲಿಕೋನ್ ರಬ್ಬರನ್ನು ಆರಿಸಿಕೊಂಡರು. ಅದನ್ನು ದೇಹ ದೂರ ತಳ್ಳುವುದಿಲ್ಲ, ಕುದಿಸಿ ಶುದ್ಧ ಮಾಡಿದರೂ ಅದು ಕೆಡುವುದಿಲ್ಲ. ಅದರಲ್ಲಿ ಸಣ್ಣ ಸೀಳು ಮಾಡಿದರೆ ಒಳಗಿನ ಒತ್ತಡ ಏರಿದಾಗ ಬಾಯಿ ತೆರೆಯುತ್ತದೆ, ಇಳಿದಾಗ ಮುಚ್ಚಿಕೊಳ್ಳುತ್ತದೆ. 1956ರ ಮಾರ್ಚ್‌ನಲ್ಲಿ ಸ್ಪಿಟ್ಸ್ ಈ ಕವಾಟವನ್ನು ಮೊದಲ ಬಾರಿ ಅಳವಡಿಸಿದ್ದು ಇನ್ನೊಂದು ಮಗುವಿಗೆ. ಕೇಸಿ ಐದು ವರ್ಷ ಬದುಕಿದ. ಅವನಪ್ಪನ ಕವಾಟ ಸಾವಿರಾರು ಮಕ್ಕಳನ್ನು ಉಳಿಸಿತು.

ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ರಾಬರ್ಟ್ ಪುಡೆನ್ಜ್ ಎಂಬ ನರಶಸ್ತ್ರವೈದ್ಯರೂ ಸಿಲಿಕೋನಿನಿಂದಲೇ ಬೇರೊಂದು ಕವಾಟ ಮಾಡಿದ್ದರು. ಮಿದುಳಿನ ದ್ರವ ಮತ್ತು ಹೈಡ್ರೋಸೆಫಾಲಸ್ ಸಂಶೋಧನೆಗೆ ಮುಂದೆ ಅವರ ಹೆಸರಿನಲ್ಲೇ ಪ್ರಶಸ್ತಿಯೊಂದು ಸ್ಥಾಪನೆಯಾಯಿತು. ಇಂಗ್ಲೆಂಡಿನ ಮಕ್ಕಳ ಸಾಹಿತಿ ರೋಆಲ್ಡ್ ಡಾಲ್ ಅವರ ನಾಲ್ಕು ತಿಂಗಳ ಮಗ 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಸ್ತೆಯಲ್ಲಿ ಟ್ಯಾಕ್ಸಿ ಬಡಿದು ತಲೆಗೆ ಪೆಟ್ಟಾಗಿ ಇದೇ ಕಾಯಿಲೆಗೆ ತುತ್ತಾದ. ಷಂಟ್ ಮತ್ತೆ ಮತ್ತೆ ಕಟ್ಟಿಕೊಂಡಿತು. ಡಾಲ್ ಅವರು ಆಟದ ವಿಮಾನಗಳ ಎಂಜಿನ್‌ಗಳಿಗೆ ಸಣ್ಣ ಪಂಪು ಮಾಡುತ್ತಿದ್ದ ಸ್ಟ್ಯಾನ್ಲಿ ವೇಡ್ ಮತ್ತು ಲಂಡನ್ನಿನ ನರಶಸ್ತ್ರವೈದ್ಯ ಕೆನೆತ್ ಟಿಲ್ ಅವರನ್ನು ಒಟ್ಟುಗೂಡಿಸಿದರು. ಮೂವರ ಹೆಸರಿನ ಕವಾಟ 1962ರಲ್ಲಿ ಬಳಕೆಗೆ ಬಂತು. ಅದರಿಂದ ಯಾರೂ ಲಾಭ ಪಡೆಯಬಾರದೆಂದು ಮೂವರೂ ಒಪ್ಪಿಕೊಂಡಿದ್ದರು.

ಈ ಹೊತ್ತಿಗೆ ಭಾರತದಲ್ಲಿ ನರಶಸ್ತ್ರಚಿಕಿತ್ಸೆ ಆಗಷ್ಟೇ ಕಣ್ಣು ತೆರೆಯುತ್ತಿತ್ತು. ಕೆನಡಾದಲ್ಲಿ ಕಲಿತು ಬಂದ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ದೇಶದ ಮೊದಲ ವಿಭಾಗ ಆರಂಭಿಸಿದರು. ಮರುವರ್ಷ ಮದರಾಸಿನಲ್ಲಿ ಬಿ. ರಾಮಮೂರ್ತಿ ಕೆಲಸ ಶುರು ಮಾಡಿದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಅಲ್ಲಿ 1958ರಲ್ಲಿ ನರಶಸ್ತ್ರಚಿಕಿತ್ಸೆ ಕಟ್ಟಿದವರು ಆರ್. ಮಾರ್ತಾಂಡ ವರ್ಮ. ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಸೇರಿ 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಆದಾಗ ಅವರೇ ಮೊದಲ ನಿರ್ದೇಶಕರಾದರು. ಬೀದರಿನಿಂದ ಚಾಮರಾಜನಗರದವರೆಗೆ ತಾಲ್ಲೂಕು ಆಸ್ಪತ್ರೆಯ ವೈದ್ಯರು ಕೈಚೆಲ್ಲಿದಾಗ ತಂದೆತಾಯಿಯರು ಮಗುವನ್ನು ಎತ್ತಿಕೊಂಡು ಹೊರಡುವುದು ಹೊಸೂರು ರಸ್ತೆಯ ಆ ಆಸ್ಪತ್ರೆಗೆ ಎಂಬುದು ಕರ್ನಾಟಕಕ್ಕೆಲ್ಲ ಗೊತ್ತಿರುವ ಸಂಗತಿ.

ಶಸ್ತ್ರವೈದ್ಯರು ಸಿದ್ಧರಾದರು, ಕೊಳವೆ ಮಾತ್ರ ವಿದೇಶದಿಂದ ಬರಬೇಕಿತ್ತು. ಅದರ ಬೆಲೆ ಕೂಲಿಕಾರ ಕುಟುಂಬದ ಎಣಿಕೆಗೇ ಸಿಗುವಂಥದ್ದಲ್ಲ. ಚಿಕಿತ್ಸೆ ಗೊತ್ತಿದೆ, ಮಾಡುವವರಿದ್ದಾರೆ, ಮಗು ಎದುರಿಗಿದೆ. ಆದರೂ ಆಗದು ಎನ್ನುವ ಸ್ಥಿತಿ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮಕ್ಕಳ ಶಸ್ತ್ರವೈದ್ಯ ಪಿ. ಉಪಾಧ್ಯಾಯ ಇದಕ್ಕೆ ದೇಶದೊಳಗೇ ಉತ್ತರ ಹುಡುಕಿದವರಲ್ಲಿ ಮೊದಲಿಗರು. ಭಾರತೀಯ ಷಂಟ್ ಕವಾಟ ಹಾಕಿದ ಮಕ್ಕಳ ಬುದ್ಧಿಶಕ್ತಿ ಹೇಗೆ ಬೆಳೆಯಿತು ಎಂದು ಅವರ ತಂಡ 1982ರಲ್ಲಿ ವರದಿ ಮಾಡಿತು. ಮಗು ಬದುಕಿತೇ ಎಂದು ಕೇಳಿ ಅವರು ನಿಲ್ಲಲಿಲ್ಲ. ಓದಲು ಕಲಿಯಲು ಸಾಧ್ಯವಾಯಿತೇ ಎಂದೂ ಕೇಳಿದರು.

ಆಮೇಲೆ ಬಂದದ್ದು ಲಖನೌದ ನರಶಸ್ತ್ರವೈದ್ಯ ಡಿ.ಕೆ. ಛಾಬ್ರಾ ಅವರ ಷಂಟ್. ಸಿಲಿಕೋನಿನಲ್ಲಿ ಸೀಳು, ಅದಕ್ಕೊಂದು ಸ್ಪ್ರಿಂಗ್, ರಚನೆ ಸರಳ. ಲಖನೌದಿಂದ ವಾಯವ್ಯಕ್ಕಿರುವ ಶಹಜಹಾನ್‌ಪುರದಲ್ಲಿ ವೈದ್ಯ ಜಿ.ಡಿ. ಅಗರ್‌ವಾಲ್ ಕಟ್ಟಿದ ಸರ್ಜಿವೇರ್ ಕಂಪನಿ ಅದನ್ನು ತಯಾರಿಸಿತು. ಇಬ್ಬರೂ ಸೇರಿ ಮುಂದೆ ಇನ್ನೊಂದು ಮಾದರಿಯನ್ನೂ ರೂಪಿಸಿ 1993ರಲ್ಲಿ ಯುರೋಪಿನ ನಿಯತಕಾಲಿಕದಲ್ಲಿ ಅದರ ತತ್ವ ವಿವರಿಸಿದರು. ನಿಂತಾಗಲೂ ಮಲಗಿದಾಗಲೂ ನೀರು ಅತಿಯಾಗಿ ಹರಿಯದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಅಲ್ಲಿನ ಚಿಂತೆ. ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಛಾಬ್ರಾ ಷಂಟ್ ದಿನನಿತ್ಯದ ವಸ್ತುವಾಯಿತು.

ಇಲ್ಲಿನ ಕಾಯಿಲೆಗೂ ಬೇರೆಯದೇ ಮುಖವಿತ್ತು. ಪಾಶ್ಚಾತ್ಯ ಪಠ್ಯಪುಸ್ತಕಗಳಲ್ಲಿ ಹೈಡ್ರೋಸೆಫಾಲಸ್ ಎಂದರೆ ಹುಟ್ಟಿನಿಂದ ಬಂದದ್ದು, ಇಲ್ಲವೇ ಗಡ್ಡೆಯಿಂದ, ರಕ್ತಸ್ರಾವದಿಂದ ಬಂದದ್ದು. ನಮ್ಮ ವಾರ್ಡುಗಳಲ್ಲಿ ಬಹು ದೊಡ್ಡ ಕಾರಣ ಟಿ.ಬಿ. ಮಿದುಳಿನ ಪೊರೆಗೆ ಕ್ಷಯ ತಗುಲಿದಾಗ ಮಿದುಳಿನ ಬುಡದಲ್ಲಿ ಅಂಟಾದ ಕೀವು ಹರಡಿ ಗಟ್ಟಿಯಾಗುತ್ತದೆ. ನೀರು ಹರಡಬೇಕಾದ ಜಾಗವೇ ಮೆತ್ತಿಕೊಂಡು ಮುಚ್ಚುತ್ತದೆ, ರಕ್ತನಾಳಗಳೂ ಸೊರಗುತ್ತವೆ. ವಾರಗಟ್ಟಲೆ ಜ್ವರ, ತಲೆನೋವು, ವಾಂತಿ; ಆಮೇಲೆ ಮಂಪರು. ಮಂಪರಿನಲ್ಲಿರುವ ಇಂಥ ರೋಗಿಗೆ ಷಂಟ್ ಹಾಕಬೇಕೇ? ಹಾಕಿದರೆ ಯಾರು ಬದುಕುತ್ತಾರೆ? ಇದಕ್ಕೆ ಉತ್ತರ ಲಂಡನ್ನಿನಿಂದಲೋ ಬಾಸ್ಟನ್ನಿನಿಂದಲೋ ಬರುವಂತಿರಲಿಲ್ಲ. ಅಲ್ಲಿ ಅಂಥ ರೋಗಿಗಳೇ ಅಪರೂಪ.

ವೆಲ್ಲೂರಿನ ರವಿ ಪಾಲೂರ್, ವೇದಾಂತಂ ರಾಜಶೇಖರ್, ಮ್ಯಾಥ್ಯೂ ಚಾಂಡಿ ಮೊದಲಾದವರು 114 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 1991ರಲ್ಲಿ ಉತ್ತರ ಕೊಟ್ಟರು. ರೋಗಿಯ ಎಚ್ಚರದ ಮಟ್ಟವನ್ನು ನೋಡಿ ನಾಲ್ಕು ದರ್ಜೆ ಮಾಡಿದರು. ಪೂರ್ಣ ಎಚ್ಚರವಿದ್ದ ಮೊದಲ ದರ್ಜೆಯವರಲ್ಲಿ ಸತ್ತವರು ಶೇ 20. ಎರಡನೆಯದರಲ್ಲಿ ಶೇ 34.7, ಮೂರನೆಯದರಲ್ಲಿ ಶೇ 51.9. ಆಳವಾದ ಕೋಮಾದಲ್ಲಿ ಬಂದ ನಾಲ್ಕನೇ ದರ್ಜೆಯವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಮೊದಲೆರಡು ದರ್ಜೆಯವರಿಗೆ ತಡಮಾಡದೆ ಷಂಟ್ ಹಾಕಿ. ನಾಲ್ಕನೇ ದರ್ಜೆಯವರಿಗೆ ಮೊದಲು ಹೊರಗಿನ ಚೀಲಕ್ಕೆ ನೀರು ಹರಿಸಿ, ಒಂದೆರಡು ದಿನದಲ್ಲಿ ಚೇತರಿಕೆ ಕಂಡರೆ ಮಾತ್ರ ಷಂಟ್ ಹಾಕಿ ಎಂಬುದು ಅವರ ಸಲಹೆ. ಟಿ.ಬಿ. ಇರುವ ಬೇರೆ ದೇಶಗಳ ವೈದ್ಯರೂ ಆ ದರ್ಜೆಗಳನ್ನು ಬಳಸತೊಡಗಿದರು.

ಹದಿನೆಂಟು ವರ್ಷಗಳ ನಂತರ ಬೆಂಗಳೂರು ಆ ನಾಲ್ಕನೇ ದರ್ಜೆಯ ಬಾಗಿಲನ್ನು ಮತ್ತೆ ತಟ್ಟಿತು. ನಿಮ್ಹಾನ್ಸ್‌ನ ಯು. ಶ್ರೀಕಾಂತ ಅವರ ಹೆಸರು ಮೊದಲಿಗಿದ್ದ, ಬಿ. ಇಂದಿರಾ ದೇವಿ, ಬಿ.ಎ. ಚಂದ್ರಮೌಳಿ ಮೊದಲಾದವರು ಸೇರಿ ಬರೆದ ಲೇಖನ 2009ರಲ್ಲಿ ಪ್ರಕಟವಾಯಿತು. ಕೋಮಾ ಸ್ಥಿತಿಯಲ್ಲೇ ಬಂದ 95 ರೋಗಿಗಳಿಗೆ ನೇರವಾಗಿ ಷಂಟ್ ಹಾಕಿದ್ದರ ಫಲಿತಾಂಶ ಅದರಲ್ಲಿತ್ತು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಮಂದಿ ಚೆನ್ನಾಗಿ ಚೇತರಿಸಿಕೊಂಡಿದ್ದರು. ತೀರಾ ಎಳೆಯ ಮಕ್ಕಳು, ಪ್ರಜ್ಞೆ ತಪ್ಪಿ ದಿನಗಳು ಕಳೆದ ಮೇಲೆ ಬಂದವರು ಹೆಚ್ಚಾಗಿ ಉಳಿಯಲಿಲ್ಲ. ಹಾಗಾದರೆ ನಾಲ್ಕನೇ ದರ್ಜೆ ಎಂದ ಮಾತ್ರಕ್ಕೆ ಕೈಬಿಡುವಂತಿಲ್ಲ, ಬೇಗ ತಲುಪಿಸುವುದೇ ಮುಖ್ಯ. ಪ್ರಶಸ್ತಿ ಪಟ್ಟಿಗಳಲ್ಲಿ ಇಂಥ ಲೇಖನಗಳು ಕಾಣುವುದಿಲ್ಲ. ಆದರೆ ರಾತ್ರಿ ಪಾಳಿಯ ವೈದ್ಯನೊಬ್ಬ ಮಂಪರಿನ ರೋಗಿಯ ಮುಂದೆ ನಿಂತು ನಿರ್ಧಾರ ತೆಗೆದುಕೊಳ್ಳುವಾಗ ನೆರವಿಗೆ ಬರುವುದು ಇವೇ.

ಕರ್ನಾಟಕದ ಇನ್ನೊಂದು ಕೊಡುಗೆ ಶಸ್ತ್ರಕ್ರಿಯೆಯ ಕೋಣೆಯಿಂದಾಚೆ, ಹೆರಿಗೆ ವಾರ್ಡಿನಲ್ಲಿ ಹುಟ್ಟಿದ್ದು. ಹತ್ತಿ ಗಿರಣಿಗಳ ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ವೈದ್ಯ ಎಂ.ಎಲ್. ಕುಲಕರ್ಣಿ ಎಂಬತ್ತರ ದಶಕದಲ್ಲಿ ಒಂದು ತಾಳ್ಮೆಯ ಕೆಲಸಕ್ಕೆ ಕೈಹಾಕಿದರು. ಒಂದರ ಹಿಂದೊಂದರಂತೆ ಆದ ಹೆರಿಗೆಗಳಲ್ಲಿ ಮಿದುಳು ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟಿದ ಕೂಸುಗಳೆಷ್ಟು ಎಂದು ಅವರೂ ಅವರ ಸಹೋದ್ಯೋಗಿಗಳೂ ಎಣಿಸಿದರು. ಸಾವಿರಕ್ಕೆ ಸುಮಾರು 11 ಎಂದು ಬಂತು. ಬೇರೆ ದೇಶಗಳಲ್ಲಿ ಸಾವಿರಕ್ಕೆ ಒಂದೆರಡು ಇದ್ದ ಕಾಲದಲ್ಲಿ ಇದು ಬೆಚ್ಚಿಬೀಳಿಸುವ ಸಂಖ್ಯೆ. ಅವರ ವರದಿ 1987ರಲ್ಲಿ ಲಂಡನ್ನಿನ ಲ್ಯಾನ್ಸೆಟ್‌ನಲ್ಲೂ, ವಿವರವಾದ ಅಧ್ಯಯನ 1989ರಲ್ಲೂ ಪ್ರಕಟವಾದವು. ದಕ್ಷಿಣ ಭಾರತದಲ್ಲಿ ಈ ತೊಂದರೆ ಕಡಿಮೆ ಎಂದುಕೊಂಡಿದ್ದವರಿಗೆ ಇದು ಹೊಸ ಸುದ್ದಿ. ಸೋದರಮಾವನೊಂದಿಗೆ, ಅತ್ತೆಯ ಮಗನೊಂದಿಗೆ ನಡೆಯುವ ಸಂಬಂಧದೊಳಗಿನ ಮದುವೆಗಳ ಕಡೆಗೂ ಅವರು ಗಮನ ಸೆಳೆದರು.

ಇದಕ್ಕೂ ತಲೆಯ ನೀರಿಗೂ ನೇರ ನಂಟಿದೆ. ಬೆನ್ನಿನಲ್ಲಿ ಗಂಟಿನಂತೆ ಉಬ್ಬಿಕೊಂಡು ಹುಟ್ಟುವ, ಬೆನ್ನುಹುರಿ ಹೊರಚಾಚಿದ ಕೂಸುಗಳಲ್ಲಿ ಬಹುತೇಕರಿಗೆ ಹೈಡ್ರೋಸೆಫಾಲಸ್ ಕೂಡ ಬರುತ್ತದೆ; ಹೋಲ್ಟರ್ ಅವರ ಮಗನಿಗೆ ಆದದ್ದು ಅದೇ. ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕೇ ವಾರಗಳಲ್ಲಿ, ತಾಯಿಗೆ ತಾನು ಬಸುರಿಯೆಂದು ಖಚಿತವಾಗುವ ಮೊದಲೇ. ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆ 1991ರಲ್ಲಿ ಮುಗಿಯಿತು. ಒಮ್ಮೆ ಇಂಥ ಮಗು ಹುಟ್ಟಿದ್ದ ತಾಯಂದಿರು ಮುಂದಿನ ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಮತ್ತೆ ಹಾಗಾಗುವುದು ಶೇ 72ರಷ್ಟು ತಗ್ಗುತ್ತದೆ ಎಂದು ಅದು ತೋರಿಸಿತು. ದಾವಣಗೆರೆಯ ಎಣಿಕೆಯನ್ನೂ ಈ ಫಲಿತಾಂಶವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಟಮಿನ್ ಎಷ್ಟು ಷಂಟ್‌ಗಳನ್ನು ತಪ್ಪಿಸಬಲ್ಲದು ಎಂಬುದು ಹೊಳೆಯುತ್ತದೆ. ಉತ್ತರ ಪ್ರದೇಶದ ಬಲರಾಂಪುರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಎಣಿಕೆಯೂ 2005ರಲ್ಲಿ ಸಾವಿರಕ್ಕೆ ಆರೂವರೆಯಿಂದ ಎಂಟರಷ್ಟು ಎಂದು ಹೇಳಿತು.

ಈಗ ಉಗಾಂಡಕ್ಕೆ ಮರಳಬಹುದು. ವಾರ್ಫ್ 2000ದಲ್ಲಿ ಅಮೆರಿಕದ ಕೆಲಸ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಎಂಬಾಲೆಗೆ ಬಂದು, ಮಕ್ಕಳ ನರಶಸ್ತ್ರಚಿಕಿತ್ಸೆಗೆಂದೇ ಮೀಸಲಾದ ಆಸ್ಪತ್ರೆ ಕಟ್ಟಲು ನೆರವಾದರು. ಬಂದ ಮಕ್ಕಳ ಸಂಖ್ಯೆ ನಿರೀಕ್ಷೆ ಮೀರಿತ್ತು. ಮೊದಲ 300 ಮಕ್ಕಳ ಲೆಕ್ಕ ತೆಗೆದಾಗ ಸುಮಾರು ಶೇ 60 ಮಂದಿಗೆ ಕಾಯಿಲೆ ಬಂದದ್ದು ಹುಟ್ಟಿದ ಮೊದಲ ದಿನಗಳ ಸೋಂಕಿನಿಂದ. ಮಗುವಿಗೆ ಜ್ವರ, ಫಿಟ್ಸ್, ಕೆಲ ವಾರಗಳ ನಂತರ ಊದುತ್ತಾ ಹೋಗುವ ತಲೆ. ಭಾರತದಲ್ಲಿ ಟಿ.ಬಿ. ಇದ್ದಂತೆ ಅಲ್ಲಿ ಬೇರೆ ಸೂಕ್ಷ್ಮಜೀವಿ.

ಷಂಟ್ ಹಾಕಿದರೆ ಮುಗಿಯಲಿಲ್ಲ. ಕೊಳವೆ ಕಟ್ಟಿಕೊಳ್ಳುತ್ತದೆ, ಸೋಂಕು ತಗುಲುತ್ತದೆ, ಮಗು ಬೆಳೆದಂತೆ ಗಿಡ್ಡವಾಗುತ್ತದೆ. ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ 344 ಮಕ್ಕಳ ಮೇಲೆ ಮೂರು ಬಗೆಯ ಕವಾಟಗಳನ್ನು ಹೋಲಿಸಿದ ಪರೀಕ್ಷೆ 1998ರಲ್ಲಿ ಪ್ರಕಟವಾಯಿತು. ಅಂಥ ಸೌಕರ್ಯದ ಆಸ್ಪತ್ರೆಗಳಲ್ಲೂ ವರ್ಷ ತುಂಬುವಷ್ಟರಲ್ಲಿ ತೊಂದರೆಯಿಲ್ಲದೆ ಉಳಿದ ಷಂಟ್‌ಗಳು ಶೇ 61, ಎರಡು ವರ್ಷಕ್ಕೆ ಶೇ 47 ಮಾತ್ರ. ಮೂರು ಕವಾಟಗಳಲ್ಲಿ ಯಾವುದೂ ಇನ್ನೊಂದಕ್ಕಿಂತ ಮೇಲಾಗಿರಲಿಲ್ಲ. ಟೊರಾಂಟೊದಲ್ಲಿ ಷಂಟ್ ಕಟ್ಟಿಕೊಂಡರೆ ತಾಯಿ ಗಂಟೆಯೊಳಗೆ ಆಸ್ಪತ್ರೆಯಲ್ಲಿರುತ್ತಾಳೆ. ಮಣ್ಣುರಸ್ತೆಯ ಹಳ್ಳಿಯಲ್ಲಿ ಕಟ್ಟಿಕೊಂಡರೆ ಆ ಮಗು ಬಹುಶಃ ಆಸ್ಪತ್ರೆ ತಲುಪುವುದೇ ಇಲ್ಲ. ಗದಗಿನ, ಯಾದಗಿರಿಯ ಹಳ್ಳಿಗಳಲ್ಲಿ ಷಂಟ್ ಹಾಕಿಸಿಕೊಂಡ ಮಕ್ಕಳ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಾರ್ಫ್ ಎರಡು ಕೆಲಸ ಮಾಡಿದರು. ಷಂಟ್ ಬೇಕೇ ಬೇಕಾದವರಿಗೆ ಅಗ್ಗದ ಷಂಟ್ ಸಾಕೇ ಎಂದು ಪರೀಕ್ಷಿಸಿದ್ದು ಒಂದು. ಛಾಬ್ರಾ ಷಂಟ್‌ಗಳನ್ನು ಸ್ಪೈನಾ ಬೈಫಿಡಾ (ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಸ್ಥಿತಿ) ಮತ್ತು ಹೈಡ್ರೋಸೆಫಾಲಸ್‌ನ ಅಂತರರಾಷ್ಟ್ರೀಯ ಒಕ್ಕೂಟ ಒದಗಿಸುತ್ತಿತ್ತು. ಅಗ್ಗದ ವಸ್ತು ಕಳಪೆಯೇ ಇರಬೇಕು ಎಂಬ ಅನುಮಾನ ವೈದ್ಯಲೋಕದಲ್ಲೂ ಗಟ್ಟಿಯಾಗಿದೆ. ಬಡವರಿಗೆ ಇಷ್ಟು ಸಾಕು ಎಂಬ ಧೋರಣೆ ಅದಕ್ಕಿಂತ ಕೆಟ್ಟದ್ದು. ಎರಡಕ್ಕೂ ಉತ್ತರ ಕೊಡಬಲ್ಲದ್ದು ಪ್ರಾಮಾಣಿಕ ಹೋಲಿಕೆ ಒಂದೇ. ಶಹಜಹಾನ್‌ಪುರದ ಕೊಳವೆಯನ್ನು ದುಬಾರಿ ಕೊಳವೆಯ ಪಕ್ಕದಲ್ಲಿ ಸಮಾನವಾಗಿ ನಿಲ್ಲಿಸಿ, ಬಂದದ್ದನ್ನು ಬಂದಂತೆ ಬರೆದದ್ದು ಆ ಲೇಖನದ ಹೆಚ್ಚಳ.

ಇನ್ನೊಂದು ಕೆಲಸ, ಡ್ಯಾಂಡಿಯ ಎರಡು ಹಳೆಯ ಉಪಾಯಗಳನ್ನು ಜೋಡಿಸಿದ್ದು. ಈಗ ಸೂಕ್ಷ್ಮ ದುರ್ಬೀನು ಇತ್ತು. ಅದನ್ನು ಒಳಗಿಳಿಸಿ ಮೂರನೇ ಕುಹರದ ತಳದಲ್ಲಿ ರಂಧ್ರ ತೆರೆಯುವುದು, ಜೊತೆಗೇ ದ್ರವ ಒಸರುವ ಗೊಂಚಲನ್ನು ಸುಡುವುದು. ರಂಧ್ರ ಮಾತ್ರ ಮಾಡಿದರೆ ಒಂದು ವರ್ಷದೊಳಗಿನ ಕೂಸುಗಳಲ್ಲಿ ಹೆಚ್ಚು ಸಲ ಸೋಲಾಗುತ್ತಿತ್ತು. ಎರಡೂ ಸೇರಿದಾಗ ಗೆಲುವು ಹೆಚ್ಚಿತು. 550 ಮಕ್ಕಳ ಅನುಭವವನ್ನು 2005ರಲ್ಲೇ ಅವರು ಪ್ರಕಟಿಸಿದರು. ದೇಹದೊಳಗೆ ಕೊಳವೆಯಿಲ್ಲ, ಮುಂದೆ ಕಟ್ಟಿಕೊಳ್ಳುವ ಭಯವಿಲ್ಲ. ಮ್ಯಾಕ್‌ಆರ್ಥರ್ ಮನ್ನಣೆ ಮುಖ್ಯವಾಗಿ ಬಂದದ್ದು ಈ ವಿಧಾನಕ್ಕೆ. 2017ರಲ್ಲಿ 100 ಕೂಸುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆ ಹೊರಬಂತು. ಟೊರಾಂಟೊದ ಅಭಯ ಕುಲಕರ್ಣಿ ಅದರ ಮೊದಲ ಲೇಖಕರು. ವರ್ಷದ ಕೊನೆಗೆ ಮಕ್ಕಳ ಬುದ್ಧಿ ಬೆಳವಣಿಗೆಯಲ್ಲಿ ದುರ್ಬೀನಿನ ಗುಂಪಿಗೂ ಷಂಟ್ ಗುಂಪಿಗೂ ಗಣನೀಯ ಅಂತರ ಕಾಣಲಿಲ್ಲ. ಆಫ್ರಿಕದಲ್ಲಿ ರೂಪುಗೊಂಡ ಈ ವಿಧಾನವನ್ನು ಅಮೆರಿಕದ ಮಕ್ಕಳ ಆಸ್ಪತ್ರೆಗಳೂ ಕಲಿಯತೊಡಗಿದವು.

ಸೋಂಕು ತರುವ ಸೂಕ್ಷ್ಮಜೀವಿ ಯಾವುದು ಎಂಬ ಪ್ರಶ್ನೆಗೆ ಬೆನ್ನು ಹತ್ತಿದವರು ಪೆನ್‌ಸಿಲ್ವೇನಿಯಾದ ಸ್ಟೀವನ್ ಷಿಫ್. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪಯನೀರ್ ಪ್ರಶಸ್ತಿ 2015ರಲ್ಲಿ ಅವರಿಗೆ ಸಿಕ್ಕಿತು. ಸಾಮಾನ್ಯ ಪರೀಕ್ಷೆಯಲ್ಲಿ ಮಿದುಳಿನ ನೀರಿನಿಂದ ಏನೂ ಬೆಳೆಯುತ್ತಿರಲಿಲ್ಲ. ಉಗಾಂಡದ 100 ಶಿಶುಗಳ ದ್ರವದಲ್ಲಿ ಉಳಿದಿದ್ದ ಜೀವಿಗಳ ವಂಶವಾಹಿಯನ್ನೇ ಓದಿದಾಗ, 2020ರಲ್ಲಿ, ಪೀನಿಬ್ಯಾಸಿಲಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಸಿಕ್ಕಿತು.

ಆದರೂ ಕೊಳವೆಯ ಕಾಲ ಮುಗಿದಿಲ್ಲ. ಟಿ.ಬಿ. ಇರುವ ತನಕ ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ಷಂಟ್ ಬೇಕಾಗುತ್ತದೆ. ತಡೆಯುವ ದಾರಿ ಮಾತ್ರ ದಾವಣಗೆರೆಯ ಹೆರಿಗೆ ವಾರ್ಡು ತೋರಿಸಿದ ದಿಕ್ಕಿನಲ್ಲಿದೆ. ಈಚಿನ ವರ್ಷಗಳಲ್ಲಿ ಪಡಿತರದಲ್ಲಿ ಹಂಚಿದ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಬಿ12ರ ಜೊತೆ ಫೋಲಿಕ್ ಆಮ್ಲವೂ ಇತ್ತು. ಆಹಾರಕ್ಕೆ ಅದನ್ನು ಬೆರೆಸುವ ಕೆಲಸ ಚುರುಕುಗೊಳ್ಳಬೇಕೆಂದು ಮಕ್ಕಳ ನರಶಸ್ತ್ರವೈದ್ಯರು ದೇಶದೇಶಗಳಲ್ಲಿ ಒತ್ತಾಯಿಸಿದರು. ವಿಶ್ವ ಆರೋಗ್ಯ ಸಭೆ 2023ರ ಮೇ ತಿಂಗಳಲ್ಲಿ ಅದಕ್ಕೆ ಕರೆ ಕೊಡುವ ನಿರ್ಣಯ ಅಂಗೀಕರಿಸಿತು. ಷಂಟ್ ಹಾಕುವ ಕೈಗಳೇ ಷಂಟ್ ಬೇಡವಾಗಲಿ ಎಂದು ಕೇಳಿದ್ದು ಮನಸ್ಸು ತುಂಬುವ ಸಂಗತಿ. ಮರುವರ್ಷ ಆಂಧ್ರಪ್ರದೇಶದ ನಾಲ್ಕು ಹಳ್ಳಿಗಳ ಹೆಂಗಸರ ಮೇಲಿನ ಅಧ್ಯಯನವೊಂದು ಹೊರಬಂತು. ಅಯೋಡಿನ್ ಉಪ್ಪಿಗೇ ಫೋಲಿಕ್ ಆಮ್ಲ ಸೇರಿಸಿ ಕೊಟ್ಟಾಗ ನಾಲ್ಕು ತಿಂಗಳಲ್ಲಿ ಅವರ ರಕ್ತದ ಫೋಲೇಟ್ ಮಟ್ಟ ಮೂರು ಪಟ್ಟಿಗೂ ಹೆಚ್ಚು ಏರಿತ್ತು. ಅಯೋಡಿನ್ನಿಗೆ ಇರುವಂತೆ ಫೋಲಿಕ್ ಆಮ್ಲಕ್ಕೂ ಉಪ್ಪಿನಲ್ಲಿ ಕಡ್ಡಾಯ ಜಾಗ ಕೊಡುವ ನಿಯಮವನ್ನು ಭಾರತ ಇನ್ನೂ ಮಾಡಬೇಕಾಗಿದೆ.